ಮಣ್ಣು ಹೊರುವ ಲಾರಿಗಳ ಲೆಕ್ಕ ಕೇಳಿದ್ದು

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಕ್ಷಿಣಕ್ಕೆ, ಸಾಂತಾ ಕ್ಲಾರಾ ಕಣಿವೆಯ ಒಂದು ನಗರದಲ್ಲಿ ನಾವು ಬಹುಕಾಲದಿಂದ ನೆಲೆಸಿದ್ದೇವೆ. 2022ರಲ್ಲಿ ನಗರದ ಯೋಜನಾ ವಿಭಾಗದಿಂದ ನಮ್ಮ ಬೀದಿಯ ಮನೆಗಳಿಗೆಲ್ಲ ಒಂದು ಸೂಚನಾಪತ್ರ ಬಂತು. ಬೀದಿಯ ತುದಿಯಲ್ಲಿ ಮುಚ್ಚಿಹೋಗಿದ್ದ ಸಸ್ಯಗಳ ನರ್ಸರಿಯ ಜಾಗದಲ್ಲಿ, ನೆಲದಡಿಯಲ್ಲಿ ಕಾರು ನಿಲ್ಲಿಸುವ ವ್ಯವಸ್ಥೆಯುಳ್ಳ ಬಹುಮಹಡಿ ವಸತಿ ಸಮುಚ್ಚಯವೊಂದು ಬರಲಿದೆಯೆಂದೂ, ಅದರ ಪರಿಸರ ಪರಿಣಾಮದ ಕರಡು ವರದಿ ಸಿದ್ಧವಾಗಿದೆಯೆಂದೂ, 45 ದಿನಗಳೊಳಗೆ ಯಾರು ಬೇಕಾದರೂ ಅದರ ಬಗ್ಗೆ ಲಿಖಿತ ಅಭಿಪ್ರಾಯ ಸಲ್ಲಿಸಬಹುದೆಂದೂ ಅದರಲ್ಲಿ ಬರೆದಿತ್ತು. ಆ ಜಾಗದ ಪಕ್ಕಕ್ಕೆ ಒಂದು ಪ್ರಾಥಮಿಕ ಶಾಲೆಯಿದೆ. ನನ್ನ ಮಗ ಆಗ ಅಲ್ಲಿ ಓದುತ್ತಿದ್ದ.

ಮನೆಗಳು ಬರಬಾರದೆಂದು ನಾನು ಬರೆಯಲಿಲ್ಲ. ಹಾಗೆ ಬರೆಯುವ ಮನಸ್ಸೂ ನನಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಪರಿಸರದ ಹೆಸರು ಹೇಳಿ ವಸತಿ ಯೋಜನೆಗಳನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದ ಉದಾಹರಣೆಗಳು ಈ ರಾಜ್ಯದಲ್ಲಿ ಬೇಕಾದಷ್ಟಿವೆ. 2023ರಿಂದ 2031ರವರೆಗಿನ ಅವಧಿಗೆ ಕೊಲ್ಲಿ ಪ್ರದೇಶದ ಒಂಬತ್ತು ಕೌಂಟಿಗಳು ಒಟ್ಟಾಗಿ 4,41,176 ಮನೆಗಳಿಗೆ ಅವಕಾಶ ಮಾಡಿಕೊಡಬೇಕೆಂದು ರಾಜ್ಯ ಸರ್ಕಾರ ಗೊತ್ತುಮಾಡಿದೆ. ನಮ್ಮ ಶಾಲೆಯ ಶಿಕ್ಷಕಿಯರಲ್ಲಿ ಕೆಲವರು ಇಲ್ಲಿನ ಬಾಡಿಗೆ ಕೊಡಲಾರದೆ ಟ್ರೇಸಿಯಂಥ ದೂರದ ಊರುಗಳಲ್ಲಿ ಮನೆ ಮಾಡಿಕೊಂಡು, ಬೆಳಕು ಹರಿಯುವ ಮೊದಲೇ ಆಲ್ಟಮಾಂಟ್ ಕಣಿವೆ ದಾಟಿ ಕೆಲಸಕ್ಕೆ ಬರುತ್ತಾರೆ. ಅವರು ಶಾಲೆಯ ಹತ್ತಿರವೇ ಇರುವಂತಾದರೆ ನನಗೆ ಸಂತೋಷ. ನಾನು ಕೇಳಬೇಕೆಂದಿದ್ದುದು ಬೇರೆ. ಆ ಮನೆಗಳನ್ನು ಕಟ್ಟುವ ಕಾಲದಲ್ಲಿ ಮಣ್ಣು ಹೊರುವ, ಕಾಂಕ್ರೀಟು ತರುವ ಟ್ರಕ್ಕುಗಳು ಯಾವ ದಾರಿಯಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ಸಂಖ್ಯೆಯಲ್ಲಿ ಓಡಾಡುತ್ತವೆ ಎಂಬುದು ನನ್ನ ಪ್ರಶ್ನೆಯಾಗಿತ್ತು.

ಈ ಪ್ರಶ್ನೆ ಕೇಳುವ ಹಕ್ಕನ್ನು ಕೊಟ್ಟಿರುವುದು 1970ರಲ್ಲಿ ಜಾರಿಗೆ ಬಂದ ಕ್ಯಾಲಿಫೋರ್ನಿಯಾ ಪರಿಸರ ಗುಣಮಟ್ಟ ಕಾಯ್ದೆ. ಎಲ್ಲರೂ ಅದನ್ನು ಸೀಕ್ವಾ ಎಂದು ಕರೆಯುತ್ತಾರೆ. ಯೋಜನೆಯೊಂದರಿಂದ ಪರಿಸರಕ್ಕೆ ಗಣನೀಯ ಪರಿಣಾಮ ಆಗಬಹುದಾದರೆ, ಅನುಮತಿ ಕೊಡುವ ಸಂಸ್ಥೆ ಮೊದಲು ಕರಡು ವರದಿಯನ್ನು ಜನರ ಮುಂದಿಡಬೇಕು. ಪರಿಸರಕ್ಕೆ ಸಂಬಂಧಿಸಿದ ಮುಖ್ಯ ಅಂಶಗಳ ಬಗ್ಗೆ ಜನರು ಬರೆದದ್ದಕ್ಕೆಲ್ಲ ಲಿಖಿತ ಉತ್ತರ ಕೊಡಬೇಕು. ಆ ಪತ್ರಗಳನ್ನೂ ಉತ್ತರಗಳನ್ನೂ ಸೇರಿಸಿ ಅಂತಿಮ ವರದಿ ಹೊರತರಬೇಕು. ಉತ್ತರ ಕಾರಣಸಹಿತವಾಗಿರಬೇಕು, ಆಧಾರವಿಲ್ಲದ ಬರಿಯ ತೀರ್ಮಾನದ ಮಾತು ಸಾಲದು ಎಂದು ನಿಯಮವೇ ಹೇಳುತ್ತದೆ. ಬರೆಯುವವರು ಈ ದೇಶದ ಪ್ರಜೆಗಳಾಗಿರಬೇಕೆಂದಿಲ್ಲ, ಮನೆಯ ಒಡೆಯರಾಗಿರಬೇಕೆಂದೂ ಇಲ್ಲ. ವೀಸಾದ ಮೇಲಿರುವ, ಬಾಡಿಗೆಗಿರುವ ಎಷ್ಟೋ ಕನ್ನಡ ಕುಟುಂಬಗಳು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಇಂಥ ಸೂಚನಾಪತ್ರಗಳನ್ನು ಓದದೆ ಎಸೆದುಬಿಡುತ್ತವೆ. ಅವರಿಗೂ ಈ ಹಕ್ಕು ಅಷ್ಟೇ ಇದೆ.

ಕರಡು ವರದಿ ನೂರಾರು ಪುಟಗಳದ್ದು. ಅದರ ಅನುಬಂಧಗಳು ಅದಕ್ಕಿಂತ ಎಷ್ಟೋ ದಪ್ಪ. ಗ್ರಂಥಾಲಯದ ಮೇಜಿನ ಮೇಲೆ ಮುದ್ರಿತ ಪ್ರತಿಯೊಂದನ್ನು ಇಟ್ಟಿದ್ದರು. ಸಂಚಾರದ ಅಧ್ಯಾಯದ ಬಹುಭಾಗ ಕಟ್ಟಡ ಪೂರ್ಣಗೊಂಡ ಮೇಲೆ ಅಲ್ಲಿ ವಾಸಿಸುವವರ ಓಡಾಟಕ್ಕೆ ಮೀಸಲಾಗಿತ್ತು. ಕಾಮಗಾರಿ ಕಾಲದ ಓಡಾಟಕ್ಕೆ ಸಿಕ್ಕಿದ್ದು ಒಂದು ಚಿಕ್ಕ ಪರಿಚ್ಛೇದ ಮಾತ್ರ. ಅದರ ಸಾರಾಂಶ ಇಷ್ಟು: ಈ ಓಡಾಟ ತಾತ್ಕಾಲಿಕವಾದದ್ದು, ಗುತ್ತಿಗೆದಾರರು ಪರವಾನಗಿ ಪಡೆಯುವ ಮೊದಲು ಸಂಚಾರ ನಿರ್ವಹಣಾ ಯೋಜನೆಯೊಂದನ್ನು ಸಿದ್ಧಪಡಿಸಿ ನಗರಕ್ಕೆ ಒಪ್ಪಿಸುತ್ತಾರೆ, ಆದ್ದರಿಂದ ಪರಿಣಾಮ ಗಣನೀಯವಲ್ಲ.

ತಾತ್ಕಾಲಿಕ ಎನ್ನುವುದು ಯಾರ ಅಳತೆಯಲ್ಲಿ? ನೆಲ ಅಗೆಯುವುದರಿಂದ ಹಿಡಿದು ಬಣ್ಣ ಬಳಿಯುವವರೆಗಿನ ಕೆಲಸ ಎರಡು ಶಾಲಾ ವರ್ಷಗಳಿಗೆ ಹಬ್ಬಿತ್ತು. ಒಂದನೆಯ ತರಗತಿಗೆ ಸೇರಿದ ಮಗು ಅಕ್ಷರ ಕಲಿತು ಕಥೆಪುಸ್ತಕ ಓದುವ ಹಂತಕ್ಕೆ ಬರುವಷ್ಟು ಕಾಲ ಅದು. ಡೀಸೆಲ್ ಎಂಜಿನ್ನಿನ ಹೊಗೆಯಲ್ಲಿರುವ ಸೂಕ್ಷ್ಮ ಕಣಗಳನ್ನು ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿ 1998ರಲ್ಲೇ ವಿಷಕಾರಿ ವಾಯುಮಾಲಿನ್ಯಕಾರಕವೆಂದು ಗುರುತಿಸಿದೆ. ರಾಜ್ಯದ ಆರೋಗ್ಯ ಅಪಾಯ ಮೌಲ್ಯಮಾಪನದ ಮಾರ್ಗಸೂಚಿಯ ಪ್ರಕಾರ ಕ್ಯಾನ್ಸರಿನ ಅಪಾಯವನ್ನು ಲೆಕ್ಕ ಹಾಕುವಾಗ ಎರಡು ವರ್ಷದೊಳಗಿನ ಕೂಸಿಗೆ ಹತ್ತು ಪಟ್ಟು, ಎರಡರಿಂದ ಹದಿನಾರು ವರ್ಷದ ಮಕ್ಕಳಿಗೆ ಮೂರು ಪಟ್ಟು ಹೆಚ್ಚಿನ ತೂಕ ಕೊಡಬೇಕು. ಬಾಲ್ಯದಲ್ಲಿ ಉಸಿರಾಡಿದ್ದು ದೇಹವನ್ನು ಹೆಚ್ಚು ಬಾಧಿಸುತ್ತದೆ ಎಂಬುದನ್ನು ಸರ್ಕಾರದ ವಿಜ್ಞಾನಿಗಳೇ ಒಪ್ಪಿರುವಾಗ, ಶಾಲೆಯ ಬೇಲಿಯ ಪಕ್ಕದಲ್ಲಿ ಹಾದುಹೋಗುವ ಟ್ರಕ್ಕುಗಳನ್ನು ಒಂದು ಪರಿಚ್ಛೇದದಲ್ಲಿ ಮುಗಿಸುವುದು ಸರಿಯಲ್ಲವೆಂದು ನನಗೆ ಅನಿಸಿತು.

ನೆರೆಹೊರೆಯವರು ಶಾಲೆಯ ಊಟದ ಸಭಾಂಗಣದಲ್ಲಿ ಸೇರಿದಾಗ ಬಹುಮಂದಿ ಮಾತಾಡಿದ್ದು ವಾಹನ ದಟ್ಟಣೆಯ ಬಗ್ಗೆ. ಸಿಗ್ನಲ್ಲಿನಲ್ಲಿ ಕಾಯುವುದು ಹೆಚ್ಚಾಗುತ್ತದೆ, ಹೆದ್ದಾರಿಗೆ ಹೋಗಲು ತಡವಾಗುತ್ತದೆ ಎಂಬ ದೂರುಗಳೇ ಹೆಚ್ಚು. ಆದರೆ 2013ರಲ್ಲಿ ಅಂಗೀಕಾರವಾದ ಒಂದು ಶಾಸನದ ಫಲವಾಗಿ, 2020ರ ಜುಲೈ 1ರಿಂದ ಇಡೀ ರಾಜ್ಯದಲ್ಲಿ ವಾಹನಗಳ ವಿಳಂಬವನ್ನು ಸೀಕ್ವಾ ಕಾಯ್ದೆಯಡಿ ಪರಿಸರ ಪರಿಣಾಮವೆಂದು ಪರಿಗಣಿಸುವಂತಿಲ್ಲ. ಈಗ ಅಳೆಯುವುದು ಜನ ಕಾರಿನಲ್ಲಿ ಒಟ್ಟು ಎಷ್ಟು ಮೈಲಿ ಓಡಾಡುತ್ತಾರೆ ಎಂಬುದನ್ನು. ಊರ ಹೊರಗೆ ವಿಸ್ತರಿಸುವ ಬಡಾವಣೆಗಿಂತ ಊರೊಳಗೆ ಕಟ್ಟುವ ಮನೆಗಳೇ ಮೇಲು ಎಂಬ ತಿಳಿವಳಿಕೆಯಿಂದ ಬಂದ ಬದಲಾವಣೆ ಅದು, ಮತ್ತು ಒಳ್ಳೆಯ ಬದಲಾವಣೆ. ಹೀಗಾಗಿ ದಟ್ಟಣೆಯ ಮೇಲೆ ಎಷ್ಟು ಪತ್ರ ಬರೆದರೂ, ಇದು ಪರಿಸರ ಪರಿಣಾಮವಲ್ಲ ಎಂಬ ಒಂದೇ ಸಾಲಿನಲ್ಲಿ ಅದಕ್ಕೆ ಉತ್ತರ ಮುಗಿಯುತ್ತದೆ. ರಸ್ತೆಯ ವಿನ್ಯಾಸದಿಂದ ಆಗುವ ಅಪಾಯ, ಆಂಬುಲೆನ್ಸು ಅಗ್ನಿಶಾಮಕ ವಾಹನಗಳ ದಾರಿಗೆ ಆಗುವ ಅಡ್ಡಿ, ಹೊಗೆ, ಧೂಳು, ಸದ್ದು ಇವೆಲ್ಲ ಇಂದಿಗೂ ಪರಿಶೀಲನೆಯ ಪಟ್ಟಿಯಲ್ಲಿವೆ. ನಮ್ಮ ಬೀದಿಯವರು ಸೇರಿ ಬರೆಯುವ ಪತ್ರ ಈ ಅಂಶಗಳ ಮೇಲೆ ನಿಲ್ಲಬೇಕೆಂದು ಆ ದಿನವೇ ತೀರ್ಮಾನಿಸಿದೆವು.

ಅನುಬಂಧಗಳಲ್ಲಿ ವಾಯುಮಾಲಿನ್ಯದ ಲೆಕ್ಕದ ಹಾಳೆಗಳಿದ್ದವು. ಕ್ಯಾಲ್‌ಈಮಾಡ್ ಎಂಬ ತಂತ್ರಾಂಶದಿಂದ ಬಂದ ಕೋಷ್ಟಕಗಳವು. ನೋಡಿದ ಕೂಡಲೇ ಮುಚ್ಚಿಡೋಣ ಅನ್ನಿಸುವಂತಿದ್ದರೂ ವರದಿಯ ಜೀವಾಳ ಇರುವುದು ಅಲ್ಲೇ. ಕಾಮಗಾರಿಯ ಪ್ರತಿ ಹಂತಕ್ಕೂ ಎಷ್ಟು ಯಂತ್ರ, ಎಷ್ಟು ದಿನ, ಎಷ್ಟು ಟ್ರಕ್ಕು ಎಂದು ಅಲ್ಲಿ ಬರೆದಿರುತ್ತದೆ. ಮಣ್ಣು ಸಾಗಿಸುವ ಟ್ರಕ್ಕಿಗೆ 16 ಕ್ಯೂಬಿಕ್ ಯಾರ್ಡ್ ಹಿಡಿಯುತ್ತದೆ, ಒಂದು ಸಲಕ್ಕೆ ಅದು 20 ಮೈಲಿ ಹೋಗುತ್ತದೆ ಎಂದು ತಂತ್ರಾಂಶ ತಾನಾಗಿಯೇ ಊಹಿಸಿಕೊಳ್ಳುತ್ತದೆ. ಬೇರೆ ಮಾಹಿತಿ ಇದ್ದರೆ ಲೆಕ್ಕ ಮಾಡುವವರು ಆ ಅಂಕಿಗಳನ್ನು ಬದಲಾಯಿಸಬೇಕು. ನಮ್ಮ ವರದಿಯಲ್ಲಿ ಯಾರೂ ಬದಲಾಯಿಸಿರಲಿಲ್ಲ.

ಇಲ್ಲಿ ನನಗೆ ತಿಪಟೂರಿನ ಹತ್ತಿರದ ನಮ್ಮ ತೋಟದಲ್ಲಿ ಅಪ್ಪ ಬಾವಿ ತೋಡಿಸಿದ್ದು ನೆರವಿಗೆ ಬಂತು. ಗುಂಡಿಯಿಂದ ತೆಗೆದ ಮಣ್ಣು ಮತ್ತೆ ಅದೇ ಗುಂಡಿಯಲ್ಲಿ ಹಿಡಿಸುವುದಿಲ್ಲ ಎಂಬುದು ಹೊಲದ ಕೆಲಸ ಕಂಡವರಿಗೆಲ್ಲ ಗೊತ್ತಿರುವ ಸಂಗತಿ. ನೆಲದಲ್ಲಿ ಅಮುಕಿ ಕೂತ ಮಣ್ಣನ್ನು ಅಗೆದಾಗ ಅದು ಸಡಿಲಗೊಂಡು ಉಬ್ಬುತ್ತದೆ. ಜೇಡಿಮಣ್ಣಾದರೆ ಕಾಲು ಭಾಗವೋ ಅದಕ್ಕಿಂತ ಹೆಚ್ಚೋ ಉಬ್ಬುವುದುಂಟು. ವರದಿಯಲ್ಲಿ ಅಗೆಯುವ ಮಣ್ಣಿನ ಪ್ರಮಾಣವೆಂದು ಕೊಟ್ಟಿದ್ದು ನೆಲಮಾಳಿಗೆಯ ಉದ್ದ, ಅಗಲ, ಆಳಗಳನ್ನು ಗುಣಿಸಿ ಬಂದ ಅಂಕಿ, ಅಂದರೆ ನೆಲದಲ್ಲಿ ಇರುವಂತೆಯೇ ಇರುವ ಮಣ್ಣಿನ ಅಳತೆ. ಟ್ರಕ್ಕಿಗೆ ತುಂಬುವುದು ಉಬ್ಬಿದ ಮಣ್ಣನ್ನು. ಉದಾಹರಣೆಗೆ 16,000 ಕ್ಯೂಬಿಕ್ ಯಾರ್ಡ್ ಅಗೆತವೆಂದುಕೊಳ್ಳಿ. ಉಬ್ಬುವಿಕೆಯನ್ನು ಬಿಟ್ಟರೆ 1,000 ಲೋಡು, ಹೋಗಿ ಬರುವುದು ಸೇರಿ 2,000 ಓಡಾಟ. ಶೇಕಡಾ 25ರಷ್ಟು ಉಬ್ಬುತ್ತದೆಂದು ಹಿಡಿದರೆ ಅದೇ ಗುಂಡಿಗೆ 1,250 ಲೋಡು, 2,500 ಓಡಾಟ. ಹೆಚ್ಚುವರಿ ಐನೂರು ಓಡಾಟ ಯಾವ ಕೋಷ್ಟಕದಲ್ಲೂ ಕಾಣಿಸುವುದಿಲ್ಲ, ಆದರೆ ಬೀದಿಯಲ್ಲಿ ನಡೆಯುತ್ತದೆ, ಮತ್ತು ಅದೆಲ್ಲ ನೆಲ ಅಗೆಯುವ ಕೆಲವೇ ವಾರಗಳಲ್ಲಿ ಮುಗಿಯಬೇಕಾದ್ದರಿಂದ ದಿನದ ಲೆಕ್ಕ ಬಹಳ ಏರುತ್ತದೆ. ನಮ್ಮ ಪತ್ರದ ಮೊದಲನೆಯ ಪ್ರಶ್ನೆ ಇದಾಯಿತು: ಅಗೆತದ ಅಳತೆಗೆ ಉಬ್ಬುವಿಕೆಯನ್ನು ಸೇರಿಸಲಾಗಿದೆಯೇ, ಇಲ್ಲದಿದ್ದರೆ ಸೇರಿಸಿ ಟ್ರಕ್ಕುಗಳ ಸಂಖ್ಯೆಯನ್ನೂ ಹೊಗೆಯ ಪ್ರಮಾಣವನ್ನೂ ಮತ್ತೆ ಲೆಕ್ಕ ಮಾಡಿ.

ಎರಡನೆಯದು ಮಣ್ಣಿನ ಗುಣದ ಪ್ರಶ್ನೆ. ಸಿಲಿಕಾನ್ ಕಣಿವೆ ಎಂದು ಜಗತ್ತು ಕರೆಯುವ ಈ ನೆಲ ಕಳೆದ ಶತಮಾನದ ನಡುಭಾಗದವರೆಗೂ ಏಪ್ರಿಕಾಟ್, ಪ್ರೂನ್, ಚೆರ್ರಿ ಹಣ್ಣುಗಳ ತೋಟಗಳಿಂದ ತುಂಬಿತ್ತು. ಆ ತೋಟಗಳಿಗೆ ಹೊಡೆಯುತ್ತಿದ್ದ ಔಷಧಿಗಳಲ್ಲಿ ಸೀಸ ಮತ್ತು ಆರ್ಸೆನಿಕ್ ಕೂಡಿದ ಲೆಡ್ ಆರ್ಸೆನೇಟ್ ಒಂದು. ಮುಂದೆ ಡಿಡಿಟಿ ಬಂತು. ಇವು ಬೇಗ ಕರಗಿ ಹೋಗುವಂಥವಲ್ಲ. ಹಳೆಯ ತೋಟದ ಜಾಗಗಳಲ್ಲಿ ಮೇಲ್ಮಣ್ಣನ್ನು ಪರೀಕ್ಷಿಸದೆ ಅಗೆಯಬಾರದೆಂಬುದು ಇಲ್ಲಿ ಸಾಮಾನ್ಯ ತಿಳಿವಳಿಕೆ. ಪರಿಶೀಲನೆಯಲ್ಲಿ ಮಣ್ಣು ಅಪಾಯಕಾರಿ ತ್ಯಾಜ್ಯವೆಂದು ತೇಲಿದರೆ ಅದನ್ನು ಹತ್ತಿರದ ಸಾಮಾನ್ಯ ಗುಂಡಿಗೆ ಹಾಕುವಂತಿಲ್ಲ. ಕಿಂಗ್ಸ್ ಕೌಂಟಿಯ ಕೆಟ್ಲ್‌ಮನ್ ಹಿಲ್ಸ್‌ನಂಥ, ಅಂಥ ತ್ಯಾಜ್ಯಕ್ಕೆಂದೇ ಪರವಾನಗಿ ಪಡೆದ ಜಾಗಕ್ಕೆ ಸಾಗಿಸಬೇಕು. ನಮ್ಮ ಊರಿನಿಂದ ಅದು ನೂರು ಮೈಲಿಗೂ ಬಹಳ ಆಚೆ. ವರದಿಯ ಒಂದು ಅಧ್ಯಾಯ ಈ ಜಾಗ ಹಿಂದೆ ಹಣ್ಣಿನ ತೋಟವಾಗಿತ್ತೆಂದು ಒಪ್ಪಿಕೊಂಡು ಮಣ್ಣಿನ ಪರೀಕ್ಷೆ ಮಾಡಿಸುವುದಾಗಿ ಹೇಳುತ್ತಿತ್ತು. ಇನ್ನೊಂದು ಅಧ್ಯಾಯ ಎಲ್ಲ ಮಣ್ಣೂ 20 ಮೈಲಿಯೊಳಗೆ ಹೋಗುತ್ತದೆಂದು ಹೊಗೆಯ ಲೆಕ್ಕ ಕಟ್ಟಿತ್ತು. ಒಂದು ಅಧ್ಯಾಯ ಬರೆದವರು ಇನ್ನೊಂದನ್ನು ನೋಡಿರಲಿಲ್ಲವೆಂದು ಕಾಣುತ್ತದೆ. ದೊಡ್ಡ ವರದಿಗಳನ್ನು ಓದುವವರಿಗೆ ನಾನು ಹೇಳಬಹುದಾದ ಒಂದು ಮಾತೆಂದರೆ, ಅಧ್ಯಾಯಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು. ಬಿರುಕು ಇರುವುದು ಅವುಗಳ ನಡುವೆ.

ಕೆಟ್ಲ್‌ಮನ್ ಹೆಸರು ಓದಿದಾಗ ಇನ್ನೊಂದು ಸಂಗತಿಯನ್ನು ಅರಸಿ ಓದಿದೆ, ಅದನ್ನು ಇಲ್ಲಿ ಹೇಳಲೇಬೇಕು. ಆ ತ್ಯಾಜ್ಯದ ಜಾಗದ ಹತ್ತಿರ ಕೆಟ್ಲ್‌ಮನ್ ಸಿಟಿ ಎಂಬ ಚಿಕ್ಕ ಊರಿದೆ. ಅಲ್ಲಿರುವವರು ಹೆಚ್ಚಾಗಿ ಸ್ಪ್ಯಾನಿಷ್ ಮಾತಾಡುವ ಕೃಷಿ ಕಾರ್ಮಿಕರು. ಅಲ್ಲಿ ವಿಷಕಾರಿ ತ್ಯಾಜ್ಯ ಸುಡುವ ಕುಲುಮೆ ಕಟ್ಟಲು ಹೊರಟಾಗ ಪರಿಸರ ವರದಿಯನ್ನು ಇಂಗ್ಲಿಷಿನಲ್ಲಿ ಮಾತ್ರ ಹೊರತಂದಿದ್ದರು. ಜನರು ನ್ಯಾಯಾಲಯಕ್ಕೆ ಹೋದರು. ಅವರಿಗೆ ತಿಳಿಯುವ ಭಾಷೆಯಲ್ಲಿ ವರದಿ ಇಲ್ಲದಿದ್ದರಿಂದ ಅವರು ಅರ್ಥಪೂರ್ಣವಾಗಿ ಭಾಗವಹಿಸಲಾಗಲಿಲ್ಲ ಎಂಬುದನ್ನೂ ಒಂದು ಕಾರಣವಾಗಿ ಹಿಡಿದು 1991ರಲ್ಲಿ ನ್ಯಾಯಾಲಯ ಅನುಮತಿಯನ್ನು ತಳ್ಳಿಹಾಕಿತು. 1993ರಲ್ಲಿ ಯೋಜನೆಯನ್ನೇ ಹಿಂತೆಗೆದುಕೊಳ್ಳಲಾಯಿತು. ನಮ್ಮ ಬೀದಿಯ ಮಣ್ಣು ಹೋಗಿ ಬೀಳಬಹುದಾದ ಜಾಗದ ಜನರು, ಅಭಿಪ್ರಾಯ ಹೇಳುವ ಹಕ್ಕಿಗಾಗಿ ಮೂವತ್ತು ವರ್ಷಗಳ ಹಿಂದೆ ಅಷ್ಟು ಹೋರಾಡಿದ್ದರು. ನಮ್ಮ ಪತ್ರದಲ್ಲಿ ನಮ್ಮ ಬೀದಿಯೊಂದನ್ನೇ ನೋಡಿಕೊಳ್ಳಬಾರದೆಂದು ಅದನ್ನು ಓದಿದ ಮೇಲೆ ಗಟ್ಟಿಯಾಗಿ ಅನಿಸಿತು.

ನಮ್ಮ ಬೀದಿಯಲ್ಲೂ ವಿಯೆಟ್ನಾಮಿ, ಚೀನೀ, ಸ್ಪ್ಯಾನಿಷ್, ಪಂಜಾಬಿ ಮಾತಾಡುವ ಮನೆಗಳಿವೆ. ಶಾಲೆಗೆ ಮಕ್ಕಳನ್ನು ಬಿಟ್ಟು ಕರೆತರುವವರು ಹೆಚ್ಚಾಗಿ ಅಜ್ಜ ಅಜ್ಜಿಯರು, ಇಂಗ್ಲಿಷ್ ವರದಿ ಓದಲಾರದವರು. ಆದರೆ ಬೀದಿಯನ್ನು ಅವರಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ಆ ವರ್ಷ ನಮ್ಮತ್ತೆ ಊರಿನಿಂದ ಬಂದಿದ್ದರು. ಮೊಮ್ಮಗನನ್ನು ದಿನವೂ ನಡೆಸಿಕೊಂಡು ಹೋಗುತ್ತಿದ್ದರು. ನಕ್ಷೆಯನ್ನು ಮೇಜಿನ ಮೇಲೆ ಹರಡಿ ಟ್ರಕ್ಕಿನ ಪ್ರವೇಶದ್ವಾರ ಎಲ್ಲಿ ಬರುತ್ತದೆಂದು ತೋರಿಸಿದಾಗ ಅವರು, "ಅಲ್ಲಮ್ಮ, ಇದು ಮಕ್ಕಳು ರಸ್ತೆ ದಾಟೋ ಜಾಗವೇ ಅಲ್ವಾ? ಆ ಕಡೆ ದೊಡ್ಡ ರಸ್ತೆಗೂ ಗೇಟಿದೆಯಲ್ಲ, ಅದರಲ್ಲಿ ಯಾಕೆ ಹೋಗಬಾರದು?" ಎಂದರು. ಹಳೆಯ ನರ್ಸರಿಗೆ ಹಿಂಬದಿಯಲ್ಲಿ, ಮುಖ್ಯರಸ್ತೆಯ ಕಡೆಗೆ, ಒಂದು ಸರಕಿನ ಗೇಟು ಇದ್ದುದು ನಿಜ. ವರದಿಯಲ್ಲಿ ಅದರ ಪ್ರಸ್ತಾಪವೇ ಇರಲಿಲ್ಲ. ಸ್ಥಳೀಯರು ಕಣ್ಣಾರೆ ಕಂಡು ಹೇಳುವ ಇಂಥ ವಿಷಯಗಳು, ತಾಂತ್ರಿಕ ಪರಿಣತಿ ಬೇಡದಂಥವಾದರೆ, ಗಟ್ಟಿ ಪುರಾವೆಯೆಂದು ಗಣನೆಗೆ ಬರುತ್ತವೆ ಎಂದು ಇಲ್ಲಿನ ನ್ಯಾಯಾಲಯಗಳು ಒಪ್ಪಿವೆ. ಬರಿಯ ಆತಂಕ, ಊಹೆ, ಸಿಟ್ಟು ಪುರಾವೆಯಲ್ಲ. ಆದ್ದರಿಂದ ಬೀದಿಯ ಹಿರಿಯರಿಂದಲೂ, ಶಾಲೆಯ ಎದುರು ಕೆಂಪು ಫಲಕ ಹಿಡಿದು ಮಕ್ಕಳನ್ನು ದಾಟಿಸುವ ಸಿಬ್ಬಂದಿಯಿಂದಲೂ ಅವರು ಕಂಡದ್ದನ್ನು ಅವರವರ ಭಾಷೆಯಲ್ಲಿ ಕೇಳಿ, ಮಕ್ಕಳು ಯಾರಾದರೂ ಇಂಗ್ಲಿಷಿಗೆ ತಂದು, ಪತ್ರಕ್ಕೆ ಲಗತ್ತಿಸಿದೆವು.

ಮೂರನೆಯ ಪ್ರಶ್ನೆ ಆ ಮುಂದೂಡಿದ ಸಂಚಾರ ಯೋಜನೆಯ ಬಗ್ಗೆ. ಪರಿಣಾಮ ತಗ್ಗಿಸುವ ಕ್ರಮವನ್ನು ಆಮೇಲೆ ನೋಡಿಕೊಳ್ಳೋಣವೆಂದು ಮುಂದೂಡುವಂತಿಲ್ಲ ಎಂದು ಸೀಕ್ವಾ ನಿಯಮಗಳಲ್ಲಿದೆ. ವಿವರಗಳನ್ನು ನಂತರ ತುಂಬುವುದಿದ್ದರೂ, ಅದು ಸಾಧಿಸಲೇಬೇಕಾದ ಗುರಿಯನ್ನೂ ಅದಕ್ಕಾಗಿ ಕೈಗೊಳ್ಳಬಹುದಾದ ಕ್ರಮಗಳನ್ನೂ ವರದಿಯಲ್ಲೇ ಬರೆದು, ಅದಕ್ಕೆ ಸಂಸ್ಥೆ ಬದ್ಧವಾಗಬೇಕು. ಹಾಗಾಗಿ ನಾವು ಗುರಿಗಳನ್ನೇ ಬರೆದು ಕೊಟ್ಟೆವು. ಮಣ್ಣಿನ ಟ್ರಕ್ಕುಗಳು ಮುಖ್ಯರಸ್ತೆಯ ಗೇಟಿನಿಂದಲೇ ಓಡಾಡಬೇಕು. ಶಾಲೆ ಆರಂಭವಾಗುವ ಮತ್ತು ಬಿಡುವ ಹೊತ್ತಿನಲ್ಲಿ ಅವು ಬರಬಾರದು. ಸರದಿ ಕಾಯುವ ಟ್ರಕ್ಕುಗಳು ಮನೆಗಳ ಮುಂದೆ ಎಂಜಿನ್ ಓಡಿಸಿಕೊಂಡು ನಿಲ್ಲಬಾರದು. ಐದು ನಿಮಿಷಕ್ಕಿಂತ ಹೆಚ್ಚು ಹಾಗೆ ನಿಲ್ಲುವುದು ರಾಜ್ಯದ ನಿಯಮದಂತೆಯೇ ನಿಷಿದ್ಧ. ಮಣ್ಣಿನ ಮೇಲೆ ಹೊದಿಕೆ ಇರಬೇಕು, ಅಗೆಯುವ ಯಂತ್ರಗಳಿಗೆ ಅತಿ ಕಡಿಮೆ ಹೊಗೆಯ ಎಂಜಿನ್ ಇರಬೇಕು. ದೂರು ಹೇಳಲು ಒಂದು ಫೋನ್ ಸಂಖ್ಯೆ ಬೀದಿಯ ಎಲ್ಲ ಭಾಷೆಗಳಲ್ಲೂ ಬೇಲಿಯ ಮೇಲಿರಬೇಕು.

ಇದರ ಜೊತೆಗೆ 2018ರ ಒಂದು ತೀರ್ಪನ್ನೂ ಉಲ್ಲೇಖಿಸಿದೆವು. ಫ್ರೆಸ್ನೋ ಕೌಂಟಿಯ ಫ್ರಯಾಂಟ್ ರಾಂಚ್ ಎಂಬ ವಸತಿ ಯೋಜನೆಯ ಪ್ರಕರಣದಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ, ಮಾಲಿನ್ಯದ ಪ್ರಮಾಣವನ್ನು ಪೌಂಡು ಟನ್ನುಗಳಲ್ಲಿ ಹೇಳಿ ಕೈಬಿಡುವುದು ಸಾಲದು, ಅದರಿಂದ ಜನರ ಆರೋಗ್ಯಕ್ಕೆ ಏನಾಗುತ್ತದೆಂದು ಓದುವವರಿಗೆ ತಿಳಿಯುವಂತೆ ಬರೆಯಬೇಕು ಎಂದು ಹೇಳಿತು. ಪತ್ರದ ಪ್ರತಿ ಅಂಶಕ್ಕೂ ವರದಿಯ ಪುಟಸಂಖ್ಯೆ ಹಾಕಿ, ಪ್ರತಿಯೊಂದನ್ನೂ ಪ್ರಶ್ನೆಯಾಗಿ ಮುಗಿಸಿದೆವು. ಪ್ರಶ್ನೆಯಾಗಿ ಮುಗಿದ ಸಾಲಿಗೆ ಉತ್ತರ ಬರೆಯದೆ ದಾಟಿಹೋಗುವುದು ಕಷ್ಟ. ಈ ಹಂತದಲ್ಲಿ ಯಾರೂ ಎತ್ತದ ವಿಷಯವನ್ನು ಮುಂದೆ ನ್ಯಾಯಾಲಯದಲ್ಲಿ ಎತ್ತಲು ಬರುವುದಿಲ್ಲ ಎಂಬ ಇನ್ನೊಂದು ಕಾರಣವೂ ಇತ್ತು. ನ್ಯಾಯಾಲಯಕ್ಕೆ ಹೋಗುವ ಇರಾದೆ ನಮಗಿರಲಿಲ್ಲ. ಆದರೆ ಎತ್ತಿಟ್ಟ ಪ್ರಶ್ನೆಯ ತೂಕ ಉತ್ತರಿಸುವವರಿಗೆ ಗೊತ್ತಿರುತ್ತದೆ.

ಆ ದಿನಗಳಲ್ಲಿ ಬೆಂಗಳೂರಿನಲ್ಲಿರುವ ತಮ್ಮನೊಂದಿಗೆ ಫೋನಿನಲ್ಲಿ ಇದೇ ಮಾತು. ಅವನ ಮನೆಯ ಹಿಂದೆಯೂ ದೊಡ್ಡ ಅಪಾರ್ಟ್‌ಮೆಂಟ್ ಏಳುತ್ತಿತ್ತು. ರಾತ್ರಿಯಿಡೀ ಟಿಪ್ಪರ್‌ಗಳ ಸದ್ದು, ಬೆಳಗಾದರೆ ರಸ್ತೆಯ ತುಂಬ ಕೆಸರು. "ಅಕ್ಕಾ, ನಿಮ್ಮಲ್ಲಿ ಪತ್ರಕ್ಕೆ ಉತ್ತರ ಕೊಡ್ಬೇಕು ಅಂತ ಕಾನೂನಾದ್ರೂ ಇದೆ" ಎಂದ. ಅವನು ಹೇಳಿದ್ದು ಸರಿ. ಭಾರತದ 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡಗಳಿಗೆ ಪೂರ್ವಾನುಮತಿ ಬೇಕು, ಆದರೆ ಕಟ್ಟಡ ಮತ್ತು ಬಡಾವಣೆ ಯೋಜನೆಗಳನ್ನು ಸಾರ್ವಜನಿಕ ಸಮಾಲೋಚನೆಯಿಂದ ಹೊರಗಿಡಲಾಗಿದೆ. ಗಣಿಗೆ, ಕಾರ್ಖಾನೆಗೆ, ಅಣೆಕಟ್ಟಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ಒಂದೂವರೆ ಲಕ್ಷ ಚದರ ಮೀಟರ್ ದಾಟಿದ ಟೌನ್‌ಶಿಪ್ಪಿಗೂ ಅದು ಕಡ್ಡಾಯವಲ್ಲ. ಬೆಂಗಳೂರಿನಂಥ ನಗರದಲ್ಲಿ ಜನರ ದಿನನಿತ್ಯದ ಬದುಕನ್ನು ಎಲ್ಲಕ್ಕಿಂತ ಹೆಚ್ಚು ತಟ್ಟುವ ಕಾಮಗಾರಿಗಳ ಬಗ್ಗೆಯೇ ಜನರನ್ನು ಕೇಳಬೇಕಾಗಿಲ್ಲ ಎಂಬ ಈ ನಿಯಮ ನನ್ನನ್ನು ಇಂದಿಗೂ ನೋಯಿಸುತ್ತದೆ.

ತಿಂಗಳುಗಳು ಕಳೆದ ಮೇಲೆ ಅಂತಿಮ ವರದಿ ಬಂತು. ಬಂದ ಪತ್ರಗಳನ್ನೆಲ್ಲ ಅದರಲ್ಲಿ ಹಾಗೆಯೇ ಅಚ್ಚು ಹಾಕಿ, ಅಂಚಿನಲ್ಲಿ ಗೆರೆ ಎಳೆದು ಪ್ರತಿ ಅಂಶಕ್ಕೂ ಕ್ರಮಸಂಖ್ಯೆ ಕೊಟ್ಟಿದ್ದರು. ದಟ್ಟಣೆಯ ಪತ್ರಗಳಿಗೆಲ್ಲ ಸೇರಿ ಒಂದು ಸಾಮೂಹಿಕ ಉತ್ತರವಿತ್ತು. ನಮ್ಮ ಕೆಲವು ಅಂಶಗಳಿಗೂ, ಅಭಿಪ್ರಾಯವನ್ನು ಗಮನಿಸಲಾಗಿದೆ ಎಂಬುದಷ್ಟೇ ಉತ್ತರ. ಆದರೆ ಮಣ್ಣಿನ ಉಬ್ಬುವಿಕೆಯ ಪ್ರಶ್ನೆಗೆ ಲೆಕ್ಕವನ್ನೇ ಹೊಸದಾಗಿ ಮಾಡಿದ್ದರು. ಟ್ರಕ್ಕುಗಳ ಸಂಖ್ಯೆ ಏರಿತ್ತು. ಆರೋಗ್ಯದ ಅಪಾಯದ ಅಂಕಿಯೂ ಏರಿತ್ತು. ಕೊಲ್ಲಿ ಪ್ರದೇಶದ ವಾಯು ಗುಣಮಟ್ಟ ಸಂಸ್ಥೆ ಹೇಳುವ ಮಿತಿ, ಅಂದರೆ ಹತ್ತು ಲಕ್ಷ ಜನರಲ್ಲಿ ಹತ್ತು ಹೆಚ್ಚುವರಿ ಕ್ಯಾನ್ಸರ್ ಪ್ರಕರಣಗಳ ಮಿತಿಯೊಳಗೆ ಅದು ಉಳಿಯಬೇಕಾದರೆ, ಅಗೆಯುವ ಯಂತ್ರಗಳಿಗೆಲ್ಲ ನಾಲ್ಕನೆಯ ಶ್ರೇಣಿಯ, ಅಂದರೆ ಅತಿ ಕಡಿಮೆ ಹೊಗೆಯ, ಹೊಸ ಎಂಜಿನ್‌ಗಳನ್ನೇ ಬಳಸಬೇಕೆಂದು ಕಡ್ಡಾಯ ಕ್ರಮವಾಗಿ ಬರೆದರು. ಮಣ್ಣಿನ ದೂರದ ಪ್ರಶ್ನೆಗೆ ಕೊಟ್ಟ ಉತ್ತರ ನನಗೆ ಒಪ್ಪಿಗೆಯಾಗಲಿಲ್ಲ. ಪರೀಕ್ಷೆಯ ಫಲಿತಾಂಶ ಬರುವ ತನಕ ಹೇಳಲಾಗದು, ಬಹುಭಾಗ ಸಾಮಾನ್ಯ ಮಣ್ಣೇ ಇರುತ್ತದೆ ಎಂದಿದ್ದರು. ಪರೀಕ್ಷೆಯನ್ನು ವರದಿಗಿಂತ ಮೊದಲೇ ಮಾಡಿಸಬಹುದಿತ್ತು.

ನಗರಸಭೆಯ ವಿಚಾರಣೆಯ ದಿನ ಮಾತಾಡಲು ಪ್ರತಿಯೊಬ್ಬರಿಗೆ ಎರಡೇ ನಿಮಿಷ. ನಾವು ಮೊದಲೇ ಹಂಚಿಕೊಂಡಿದ್ದೆವು: ಒಬ್ಬರು ಗೇಟಿನ ಬಗ್ಗೆ, ಒಬ್ಬರು ಹೊತ್ತಿನ ಬಗ್ಗೆ, ಒಬ್ಬರು ಮಣ್ಣಿನ ಬಗ್ಗೆ. ಪ್ರತಿಯೊಬ್ಬರೂ ಈ ಮನೆಗಳು ಬೇಕು ಎಂಬ ಮಾತಿನಿಂದಲೇ ಆರಂಭಿಸಿದರು, ಮತ್ತು ಅದು ನಿಜವಾದ ಮಾತಾಗಿತ್ತು. ಶಾಲೆಯ ಶಿಕ್ಷಕಿಯೊಬ್ಬರು, ತಾವು ಆ ಮನೆಗಳಲ್ಲೊಂದಕ್ಕೆ ಅರ್ಜಿ ಹಾಕುವವರಲ್ಲಿ ಮೊದಲಿಗರಾಗುವುದಾಗಿಯೂ, ಅಲ್ಲಿಯವರೆಗೆ ತಮ್ಮ ತರಗತಿಯ ಮಕ್ಕಳು ಸುರಕ್ಷಿತವಾಗಿ ರಸ್ತೆ ದಾಟಬೇಕೆಂದೂ ಹೇಳಿದಾಗ ಸಭೆಯ ಧಾಟಿಯೇ ಬದಲಾಯಿತು. ಸದಸ್ಯರೊಬ್ಬರು ನೇರವಾಗಿ ನಿರ್ಮಾಣದವರ ಎಂಜಿನಿಯರನ್ನೇ ಕರೆದು, ಮುಖ್ಯರಸ್ತೆಯ ಗೇಟನ್ನು ಬಳಸಲು ಏನು ತೊಂದರೆ ಎಂದು ಕೇಳಿದರು. ತೊಂದರೆಯೇನಿಲ್ಲ, ಒಂದು ವಿದ್ಯುತ್ ಕಂಬವನ್ನು ಸರಿಸಬೇಕಾಗುತ್ತದೆ ಎಂದು ಉತ್ತರ ಬಂತು. ಯೋಜನೆಗೆ ಅನುಮತಿ ಸಿಕ್ಕಿತು. ಗೇಟಿನ, ಶಾಲೆಯ ವೇಳೆಯ ಮತ್ತು ಫೋನ್ ಸಂಖ್ಯೆಯ ಷರತ್ತುಗಳು ಮೇಲ್ವಿಚಾರಣಾ ಪಟ್ಟಿಯಲ್ಲಿ ಸೇರಿದವು. ಯಾವ ಕ್ರಮವನ್ನು ಯಾರು, ಯಾವಾಗ ಪರಿಶೀಲಿಸಬೇಕೆಂದು ಹೇಳುವ ಆ ಪಟ್ಟಿ ಇಲ್ಲದಿದ್ದರೆ ಷರತ್ತುಗಳು ಕಾಗದದಲ್ಲೇ ಉಳಿಯುತ್ತವೆ.

ಪಟ್ಟಿ ಇದ್ದರೂ ನೋಡುವ ಕಣ್ಣು ಬೇಕು. ಅಗೆತ ಶುರುವಾದ ಮೇಲೆ ಕೆಲವು ಟ್ರಕ್ಕುಗಳು ಹಳೆಯ ಅಭ್ಯಾಸದಂತೆ ನಮ್ಮ ಬೀದಿಗೇ ಬಂದು ಸಾಲುಗಟ್ಟಿದವು. ಚಾಲಕರಿಗೆ ಫೋನಿನ ನಕ್ಷೆ ಆ ದಾರಿಯನ್ನೇ ತೋರಿಸುತ್ತಿತ್ತು. ಅವರನ್ನು ದೂರುವಂತಿರಲಿಲ್ಲ, ಹೊತ್ತು ಮೂಡುವ ಮೊದಲೇ ಗಾಡಿ ಹೊರಡಿಸಿ, ಲೋಡಿನ ಲೆಕ್ಕದಲ್ಲಿ ದುಡಿಯುವವರು ಅವರು. ಬೇಲಿಯ ಮೇಲಿದ್ದ ಸಂಖ್ಯೆಗೆ ಫೋನ್ ಮಾಡಿ, ಷರತ್ತಿನ ಕ್ರಮಸಂಖ್ಯೆಯನ್ನು ಹೇಳಿದೆವು. ಮಣ್ಣು ಸಾಗಿಸುವ ಗುತ್ತಿಗೆದಾರರು ಪ್ರತಿ ಚಾಲಕನಿಗೂ ದಾರಿಯ ನಕ್ಷೆಯನ್ನು ಕಾಗದದಲ್ಲಿ ಅಚ್ಚು ಹಾಕಿಸಿ ಕೊಟ್ಟರು, ತಿರುವಿನಲ್ಲಿ ಬಾವುಟ ಹಿಡಿದವರೊಬ್ಬರನ್ನು ನಿಲ್ಲಿಸಿದರು. ಆಮೇಲೆ ಅಂಥ ದೂರು ವಿರಳವಾಯಿತು. ಧೂಳಿನ ವಿಷಯದಲ್ಲಿ ಅಷ್ಟು ಸಮಾಧಾನ ಸಿಗಲಿಲ್ಲ. ಒಣಗಾಳಿಯ ಮಧ್ಯಾಹ್ನಗಳಲ್ಲಿ ನೀರು ಹೊಡೆಯುವುದನ್ನು ಮತ್ತೆ ಮತ್ತೆ ನೆನಪಿಸಬೇಕಾಯಿತು.

2025ರ ಜೂನ್ 30ರಂದು ರಾಜ್ಯಪಾಲರು ಸಹಿ ಹಾಕಿದ ಹೊಸ ಶಾಸನದ ಪ್ರಕಾರ, ನಗರದೊಳಗೆ 20 ಎಕರೆವರೆಗಿನ ಜಾಗದಲ್ಲಿ, ವಲಯ ನಿಯಮಗಳಿಗೆ ಹೊಂದುವಂತೆ ಕಟ್ಟುವ ಹೆಚ್ಚಿನ ವಸತಿ ಯೋಜನೆಗಳಿಗೆ ಇನ್ನು ಸೀಕ್ವಾ ಪರಿಶೀಲನೆ ಬೇಕಿಲ್ಲ. ನಮ್ಮ ಬೀದಿಯಂಥ ಯೋಜನೆ ಇಂದು ಬಂದರೆ ಕರಡು ವರದಿ ಇರುವುದಿಲ್ಲ, ಅಭಿಪ್ರಾಯದ ಅವಧಿಯೂ ಇರುವುದಿಲ್ಲ. ಮನೆಗಳು ಬೇಗ ಏಳಲಿ ಎಂಬ ಉದ್ದೇಶವನ್ನು ನಾನು ಒಪ್ಪುತ್ತೇನೆ. ವರ್ಷಗಟ್ಟಲೆ ತಡೆ ಒಡ್ಡುತ್ತಿದ್ದವರಿಂದಾಗಿ ಈ ಬದಲಾವಣೆ ಬಂತೆಂಬುದನ್ನೂ ಒಪ್ಪುತ್ತೇನೆ. ಆದರೆ ಟ್ರಕ್ಕುಗಳು ಮೊದಲಿನಂತೆಯೇ ಬರುತ್ತವೆ, ಮಕ್ಕಳೂ ಅದೇ ರಸ್ತೆ ದಾಟುತ್ತಾರೆ. ಪ್ರಶ್ನೆ ಕೇಳುವ ಜಾಗ ಈಗ ನಗರದ ಲೋಕೋಪಯೋಗಿ ವಿಭಾಗಕ್ಕೆ ಸರಿದಿದೆ: ನೆಲ ಅಗೆಯುವ ಪರವಾನಗಿ ಮತ್ತು ಸಾರ್ವಜನಿಕ ರಸ್ತೆಯನ್ನು ಬಳಸುವ ಪರವಾನಗಿ ಕೊಡುವವರು ಅಲ್ಲಿಯ ಎಂಜಿನಿಯರುಗಳು, ಮಣ್ಣಿನ ದಾರಿಯನ್ನು ಗೊತ್ತುಮಾಡುವುದೂ ಅವರೇ. ಅದಕ್ಕೆ ಅಂಚೆಯಲ್ಲಿ ಸೂಚನಾಪತ್ರ ಬರುವುದಿಲ್ಲ, ನಾವೇ ಹೋಗಿ ವಿಚಾರಿಸಬೇಕು. ಶಾಲೆಯ ಇನ್ನೊಂದು ಬದಿಯಲ್ಲಿ ಈಗ ಬರಲಿರುವ ಕಟ್ಟಡದ ವಿಷಯದಲ್ಲಿ ನಾವು ಹಾಗೆಯೇ ಮಾಡಿದ್ದೇವೆ. ಹಿಂದಿನ ಯೋಜನೆಯ ಷರತ್ತುಗಳ ಪುಟವನ್ನು ಲಗತ್ತಿಸಿ, ಅದೇ ದಾರಿ, ಅದೇ ವೇಳೆಯ ನಿರ್ಬಂಧಗಳನ್ನು ಇದಕ್ಕೂ ಹಾಕಬೇಕೆಂದು ಬರೆದುಕೊಟ್ಟಿದ್ದೇವೆ. ಮುಂದಿನ ಶಾಲಾ ವರ್ಷದ ವೇಳಾಪಟ್ಟಿ ಬಂದ ಕೂಡಲೇ ಅದನ್ನೂ ಅವರಿಗೆ ಕಳಿಸಬೇಕಾಗಿದೆ.